ಮೂತ್ರಪಿಂಡದ ರಕ್ಷಣೆ ಮತ್ತು ಗಿಡಮೂಲಿಕೆಗಳು

ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು. ಸೋಂಕಿಗೆ ಕೊಡುವ ಜೆಂಟಮೈಸಿನ್, ಅರ್ಬುದಕ್ಕೆ ಕೊಡುವ ಸಿಸ್‌ಪ್ಲಾಟಿನ್ ಅಲ್ಲಿನ ಸೂಕ್ಷ್ಮನಾಳಗಳ ಜೀವಕೋಶಗಳಲ್ಲಿ ಶೇಖರಗೊಂಡು ಅವನ್ನು ಘಾಸಿಗೊಳಿಸಬಲ್ಲವು. ಪ್ರಾಣ ಉಳಿಸುವ ಮದ್ದೇ ಅಂಗವೊಂದಕ್ಕೆ ಮುಳುವಾಗುವ ಈ ಸಂಕಟಕ್ಕೆ ಸಸ್ಯಲೋಕದಲ್ಲಿ ಪರಿಹಾರವುಂಟೇ?

ಮಣಿಪಾಲದ ಔಷಧ ವಿಜ್ಞಾನ ಕಾಲೇಜಿನ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಇಲ್ಲಿನ ತೆಲುಗರು ಕಾನುಗ ಎನ್ನುವ ನಮ್ಮ ಹೊಂಗೆಯ ಹೂವಿನ ಸಾರವು, ಜೆಂಟಮೈಸಿನ್ ಮತ್ತು ಸಿಸ್‌ಪ್ಲಾಟಿನ್‌ಗಳಿಂದ ಇಲಿಗಳಿಗಾಗುವ ಹಾನಿಯನ್ನು ತಗ್ಗಿಸಿತೆಂದು 2003ರಲ್ಲಿ ಪ್ರಕಟಿಸಿದರು. ಪಿಂಡಿಕೂರ ಎಂಬ ಸಸ್ಯದ ಸಾರದಲ್ಲಿಯೂ ಅಂತಹುದೇ ಗುಣವಿರುವುದನ್ನು 2004ರಲ್ಲಿ ವರದಿ ಮಾಡಿದರು.

ಆದರೆ ಇಲಿಯಲ್ಲಿ ಕಂಡ ಗುಣವು ಮನುಷ್ಯನಿಗೆ ಚಿಕಿತ್ಸೆಯಾಗಿಬಿಡದು. ಮೂಲಿಕೆಯೆಲ್ಲ ನಿರಪಾಯವೂ ಅಲ್ಲ. ಬೆಲ್ಜಿಯಂನಲ್ಲಿ ಮೈ ಕರಗಿಸಲು ಮೂಲಿಕೆ ಸೇವಿಸಿದ ಸ್ತ್ರೀಯರ ಮೂತ್ರಪಿಂಡಗಳೇ ಕೆಟ್ಟುದು 1993ರಲ್ಲಿ ಬೆಳಕಿಗೆ ಬಂದಿತು. ನಮ್ಮ ಈಶ್ವರಿಬಳ್ಳಿಯ ಕುಲಕ್ಕೆ ಸೇರಿದ ಸಸ್ಯದ ವಿಷವೇ ಅದಕ್ಕೆ ಕಾರಣವಾಗಿತ್ತು.

ಆದುದರಿಂದ ಮೆಹದಿಪಟ್ಟಣಂನ ನಮ್ಮ ಕನ್ನಡ ಬಂಧುಗಳು ಕಷಾಯವನ್ನು ನಂಬಿ ನೋವಿನ ಗುಳಿಗೆಗಳನ್ನು ಮನಬಂದಂತೆ ನುಂಗದಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಮನೆಮದ್ದು ಸೇವಿಸುತ್ತಿದ್ದರೆ ಅದನ್ನು ವೈದ್ಯರಿಂದ ಮರೆಮಾಚದಿರಲಿ.