ಫ್ಲೂ ಜ್ವರವೂ ಅದು ಹೊಕ್ಕ ದೇಹವೂ

ಇನ್‌ಫ್ಲುಯೆಂಜಾ ತಗಲಿದವರಲ್ಲಿ ಬಹುಮಂದಿ ಒಂದು ವಾರ ಜ್ವರ, ಮೈಕೈನೋವು, ಕೆಮ್ಮುಗಳನ್ನು ಅನುಭವಿಸಿ, ಗಂಜಿ ಕುಡಿದು ಹೊದ್ದು ಮಲಗಿ ಗುಣಹೊಂದುವರು. ಆದರೆ ಆಸ್ಪತ್ರೆಗೆ ಸೇರಬೇಕಾದ ಕೆಲವರಲ್ಲಿ ಅದೇ ವ್ಯಾಧಿಯು ಶ್ವಾಸಕೋಶವನ್ನು ಆಕ್ರಮಿಸಿ, ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುವಷ್ಟು ಉಗ್ರರೂಪವನ್ನು ತಾಳುವುದು. ಈ ಭೇದದ ಕಾರಣವನ್ನು ವೈರಸ್ಸಿನಲ್ಲಿ ಮಾತ್ರ ಅರಸಿದರೆ ಸಾಲದು. ಅದು ಹೊಕ್ಕ ದೇಹದ ಸ್ಥಿತಿಯನ್ನೂ ಚಿಕಿತ್ಸೆ ದೊರೆತ ವೇಳೆಯನ್ನೂ ವಿಚಾರಿಸಬೇಕು.

65 ವರ್ಷ ದಾಟಿದವರು, 5 ವರ್ಷದೊಳಗಿನ, ಅದರಲ್ಲಿಯೂ 2 ವರ್ಷ ತುಂಬದ ಮಕ್ಕಳು, ಹೃದ್ರೋಗ, ಮಧುಮೇಹ, ಅಸ್ತಮಾ, ಮೂತ್ರಪಿಂಡದ ವ್ಯಾಧಿಗಳುಳ್ಳವರು ಅಪಾಯಕ್ಕೆ ಹತ್ತಿರದವರೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. 2009ರಲ್ಲಿ, ನಮ್ಮಲ್ಲಿ ಹಂದಿಜ್ವರವೆಂದು ಹೆಸರಾದ ಎಚ್1ಎನ್1 ಜಗತ್ತನ್ನೆಲ್ಲ ವ್ಯಾಪಿಸಿದಾಗ, ಅತಿ ಸ್ಥೂಲಕಾಯವೂ ಒಂದು ಅಪಾಯಕಾರಣವೆಂಬುದು ಸ್ಪಷ್ಟವಾಯಿತು. ಗರ್ಭಿಣಿಯರ ವಿಷಯದಲ್ಲಿ 1918ರ ಮಹಾಮಾರಿ ಕಲಿಸಿದ್ದ ಪಾಠವೂ ಮತ್ತೆ ದೃಢಪಟ್ಟಿತು. ಬೆಳೆಯುವ ಗರ್ಭವು ವಪೆಯನ್ನು ಮೇಲಕ್ಕೊತ್ತಿ ಶ್ವಾಸಕೋಶದ ಅವಕಾಶವನ್ನು ಕುಗ್ಗಿಸುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ, ರೋಗನಿರೋಧದ ರೀತಿಯೂ ಮಾರ್ಪಡುತ್ತದೆ. ದಿನ ತುಂಬುತ್ತಿರುವ ಹೆಂಗಸಿಗೆ ಏದುಸಿರು ಸಹಜವೆಂದು ಮನೆಯವರು ಭಾವಿಸಿದರೆ, ಜ್ವರದೊಡನೆ ಬಂದ ಏದುಸಿರಿನ ಅಪಾಯ ಯಾರ ಗಮನಕ್ಕೂ ಬಾರದೆ ಹೋಗಬಹುದೆಂಬುದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವ ಮಾತು.

ಇನ್ನೊಂದು ವಿಪತ್ತು ವೈರಸ್ಸಿನ ಬೆನ್ನುಹತ್ತಿ ಬರುವಂಥದು. ಶ್ವಾಸನಾಳದ ಒಳಪದರವನ್ನು ವೈರಸ್ಸು ಕೆಡಿಸಿದ ಮೇಲೆ, ಬೇಲಿ ಮುರಿದ ಹೊಲಕ್ಕೆ ದನ ನುಗ್ಗುವಂತೆ, ಗಂಟಲಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ಕೆಳಗಿಳಿದು ನ್ಯುಮೋನಿಯಾವನ್ನು ಉಂಟುಮಾಡುವುವು. 1918ರಲ್ಲಿ ಮೃತರಾದವರ ಶ್ವಾಸಕೋಶದಿಂದ ತೆಗೆದು ಕಾದಿರಿಸಿದ್ದ ತುಣುಕುಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು, ಆ ಮರಣಗಳಲ್ಲಿ ಬಹುಪಾಲಿಗೆ ಇಂಥ ನ್ಯುಮೋನಿಯಾವೇ ಕಾರಣವಾಗಿದ್ದಿರಬೇಕೆಂದು 2008ರಲ್ಲಿ ಪ್ರಕಟಿಸಿದರು. ಇಳಿದ ಜ್ವರ ಮರಳಿ ಏರಿ, ಕೆಮ್ಮು ಬಲಿತರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆನ್ನುವುದು ಇದಕ್ಕಾಗಿಯೇ.

ತಡವೆಂಬುದು ತಾನೇ ಒಂದು ಅಪಾಯಕಾರಣ. ಒಸೆಲ್ಟಾಮಿವಿರ್ ಎಂಬ ಔಷಧವು ರೋಗಲಕ್ಷಣ ತೋರಿದ 48 ಗಂಟೆಗಳೊಳಗೆ ಆರಂಭವಾದರೆ ಅತ್ಯಂತ ಫಲಕಾರಿ; ಆದಕಾರಣ ಆಸ್ಪತ್ರೆಗೆ ಸೇರಿದ ರೋಗಿಗೆ ಫ್ಲೂ ಎಂಬ ಶಂಕೆ ಬಲವಾಗಿದ್ದರೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆಯೇ ಅದನ್ನು ಕೊಡುವುದುಂಟು, ಅವಧಿ ಮೀರಿದ್ದರೂ ಕೊಡುವುದುಂಟು. ವೈರಸ್ಸು ರೂಪ ಬದಲಿಸುತ್ತಿರುವುದರಿಂದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಗರ್ಭಿಣಿಯರಿಗೂ ಸಲಹೆ ಮಾಡಿದೆ. ತಾಯಿ ಪಡೆದ ಲಸಿಕೆಯಿಂದ ಹುಟ್ಟಿದ ರಕ್ಷಣೆಯು, ತಾನಾಗಿ ಲಸಿಕೆ ಪಡೆಯಲಾಗದ 6 ತಿಂಗಳೊಳಗಿನ ಹಸುಗೂಸಿಗೂ ದೊರೆಯುವುದು.