ಹೊಟ್ಟೆಯ ಗಡ್ಡೆ ಒತ್ತಬೇಡಿ, ಶ್ವಾಸಕ್ಕೆ ಕುತ್ತು

ಮೂರು ವರ್ಷದ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಪಕ್ಕೆಯ ಕೆಳಗೆ ಗಟ್ಟಿಯಾದದ್ದೇನೋ ತಾಯಿಯ ಕೈಗೆ ತಗಲುತ್ತದೆ. ನೋವಿಲ್ಲ, ಮಗು ಆಡಿಕೊಂಡೇ ಇದೆ. ‘ಜಂತುಹುಳು ಇರಬೇಕು’ ಎನ್ನುತ್ತಾರೆ ಒಬ್ಬರು. ‘ಬಟ್ಟಿ ಸರಿದಿದೆ, ಎಣ್ಣೆ ಹಾಕಿ ನೀವಿಸಿ’ ಎನ್ನುತ್ತಾರೆ ಇನ್ನೊಬ್ಬರು. ಮನೆಗೆ ಬಂದವರೆಲ್ಲ ಒಮ್ಮೆ ಒತ್ತಿ ನೋಡುತ್ತಾರೆ. ಹೀಗೆ ಒತ್ತಿ ನೋಡುವ ಅಭ್ಯಾಸದ ಬಗ್ಗೆಯೇ ಈ ವಾರ ನಾಲ್ಕು ಮಾತು.

ಚಿಕ್ಕ ಮಕ್ಕಳ ಹೊಟ್ಟೆಯಲ್ಲಿ ಸಿಗುವ ಇಂಥ ಗಡ್ಡೆ ಕೆಲವೊಮ್ಮೆ ಮೂತ್ರಪಿಂಡದ ಕ್ಯಾನ್ಸರ್ ಆಗಿರಬಹುದು. ಮಕ್ಕಳ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಬಹುಪಾಲು ‘ವಿಲ್ಮ್ಸ್ ಗಡ್ಡೆ’. 1899ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರೇ ರೋಗಕ್ಕೆ ಉಳಿದಿದೆ. ಐದು ವರ್ಷದೊಳಗಿನವರಲ್ಲಿ ಇದು ಹೆಚ್ಚು. ಕೆಲವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತದೆ, ಜ್ವರ ಬರುತ್ತದೆ, ರಕ್ತದೊತ್ತಡ ಏರುತ್ತದೆ. ಮಗುವಿಗೆ ಬಿ.ಪಿ. ಎಂದರೆ ನಂಬುವವರು ಕಡಿಮೆ, ಆದರೂ ಅದು ನಿಜ. ಇದು ಅಂಟುರೋಗವಲ್ಲ. ಹೆತ್ತವರು ಏನೋ ತಪ್ಪು ಮಾಡಿದ್ದರಿಂದ ಬಂದದ್ದೂ ಅಲ್ಲ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಸಕಾಲಕ್ಕೆ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

ಹಾಗಾದರೆ ಒತ್ತಿದರೆ ಏನಾಗುತ್ತದೆ? ಗಡ್ಡೆ ಬಹಳ ಮೃದು. ಒತ್ತಡಕ್ಕೆ ಒಡೆದು ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆಲ್ಲ ಹರಡಬಹುದು. ಅಪರೂಪಕ್ಕೆ ಇನ್ನೊಂದು ಅಪಾಯವೂ ಉಂಟು. ಈ ಗಡ್ಡೆಗೆ ಮೂತ್ರಪಿಂಡದಿಂದ ಹೊರಡುವ ಅಭಿಧಮನಿಯೊಳಕ್ಕೆ ಬಾಲದಂತೆ ಬೆಳೆಯುವ ಸ್ವಭಾವವಿದೆ. ಅಲ್ಲಿಂದ ಅದು ದೇಹದ ಕೆಳಭಾಗದ ರಕ್ತವನ್ನೆಲ್ಲ ಹೃದಯಕ್ಕೊಯ್ಯುವ ಮಹಾಅಭಿಧಮನಿಗೂ, ಕೆಲವರಲ್ಲಿ ಹೃದಯದ ಬಲ ಕೋಣೆಯವರೆಗೂ ಚಾಚುತ್ತದೆ. ಈ ಬಾಲದ ತುಂಡೊಂದು ಕಳಚಿಕೊಂಡರೆ ರಕ್ತದ ಸೆಳೆತದಲ್ಲಿ ಹೃದಯವನ್ನು ದಾಟಿ ನೇರವಾಗಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಾಲುವೆಯಲ್ಲಿ ತೇಲಿಬಂದ ಕೊರಡು ತೂಬಿಗೆ ಅಡ್ಡ ಬಿದ್ದಂತೆ. ಇದಕ್ಕೆ ವೈದ್ಯರು ‘ಟ್ಯೂಮರ್ ಎಂಬಾಲಿಸಮ್’ ಎನ್ನುತ್ತಾರೆ.

ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಬೇರೆ. ಕಣಗಳು ಅಲ್ಲಿ ಬೇರೂರಿ ನಿಧಾನವಾಗಿ ಬೆಳೆಯುವುದಕ್ಕೆ ವಾರ, ತಿಂಗಳುಗಳೇ ಹಿಡಿಯುತ್ತವೆ. ನಾಳ ಕಟ್ಟುವುದಕ್ಕೆ ಕ್ಷಣ ಸಾಕು. ಚಿಕ್ಕ ತುಂಡಾದರೆ ಗೊತ್ತೇ ಆಗದಿರಬಹುದು. ದೊಡ್ಡದಾದರೆ ಇದ್ದಕ್ಕಿದ್ದಂತೆ ಏದುಸಿರು, ತುಟಿ ನೀಲಿಗಟ್ಟುವುದು, ತಣ್ಣನೆಯ ಬೆವರು, ಪ್ರಜ್ಞೆ ತಪ್ಪುವುದು. ರಕ್ತದ ಹೆಪ್ಪು ಕರಗಿಸುವ ಔಷಧಿ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಸಿಕ್ಕಿಕೊಂಡದ್ದು ಗಡ್ಡೆಯ ಮಾಂಸವೇ ಹೊರತು ಬರಿಯ ಹೆಪ್ಪಲ್ಲ. ತುರ್ತಾಗಿ ಎದೆ ತೆರೆದು ತುಂಡನ್ನು ತೆಗೆಯಬೇಕಾಗಿ ಬರಬಹುದು.

ಇದು ತಾನಾಗಿಯೂ ಸಂಭವಿಸಬಹುದು. ಶಸ್ತ್ರಕ್ರಿಯೆಯ ಮಧ್ಯೆ, ಗಡ್ಡೆಯನ್ನು ಅಲುಗಿಸಿದಾಗ ಆಗಿರುವುದೂ ಉಂಟು. ಆದ್ದರಿಂದಲೇ ಅನುಭವಸ್ಥ ವೈದ್ಯರೂ ಒಮ್ಮೆ ಹಗುರವಾಗಿ ಮುಟ್ಟಿ ನೋಡಿ ಕೈ ತೆಗೆಯುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಮಗುವಿನ ಮಂಚಕ್ಕೆ ‘ಹೊಟ್ಟೆ ಒತ್ತಬೇಡಿ’ ಎಂಬ ಫಲಕವನ್ನೇ ತೂಗುಹಾಕುತ್ತಾರೆ.

‘ಗಡ್ಡೆ ಇದೆ ಎಂದ ಮೇಲೆ ನಾಳೆಯೇ ಕೊಯ್ದು ತೆಗೆಯಬಾರದೇ? ಇಂಜೆಕ್ಷನ್ ಕೊಡುತ್ತಾ ಕಾಲ ಕಳೆಯುತ್ತಾರಲ್ಲ!’ ಎಂಬುದು ಅನೇಕ ತಂದೆತಾಯಿಯರ ದೂರು. ಈ ಅಸಹನೆಯಲ್ಲಿ ಆಸ್ಪತ್ರೆ ಬದಲಿಸುವವರೂ, ಚಿಕಿತ್ಸೆ ಅರ್ಧಕ್ಕೇ ಬಿಡುವವರೂ ಇದ್ದಾರೆ. ಅವರ ಸಂಕಟ ಅರ್ಥವಾಗುವಂಥದೇ. ಆದರೆ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಹಾಅಭಿಧಮನಿಯೊಳಗೆ, ಎಕೋ ಪರೀಕ್ಷೆಯಲ್ಲಿ ಹೃದಯದೊಳಗೆ ಬಾಲ ಕಂಡಿತೆಂದರೆ, ಸಾಮಾನ್ಯವಾಗಿ ಕೆಲವು ವಾರ ಔಷಧಿ ಕೊಟ್ಟು ಅದನ್ನು ಕುಗ್ಗಿಸಿದ ಮೇಲೆಯೇ ಶಸ್ತ್ರಕ್ರಿಯೆ. ಬಹಳಷ್ಟು ಮಕ್ಕಳಲ್ಲಿ ಬಾಲ ಹಿಂದಕ್ಕೆ ಸರಿಯುತ್ತದೆ, ತೆಗೆಯುವುದೂ ಸುಲಭವಾಗುತ್ತದೆ. ಹೃದಯದಲ್ಲೇ ಉಳಿದುಕೊಂಡರೆ ಹೃದಯ-ಶ್ವಾಸಕೋಶ ಯಂತ್ರದ ನೆರವು ಬೇಕಾಗುತ್ತದೆ.

ಈ ಔಷಧಿಗಳಲ್ಲೊಂದು ವಿನ್‌ಕ್ರಿಸ್ಟಿನ್. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆ ಗಿಡದಿಂದ ದೊರೆತದ್ದು. ಹಾಗೆಂದು ಅದರ ಎಲೆ ಕುದಿಸಿ ಕುಡಿಸೀರಿ, ಜೋಕೆ! ಗಿಡ ವಿಷಕಾರಿ.

ಗಡ್ಡೆ ಕಂಡ ದಿನವೇ ಮಕ್ಕಳ ವೈದ್ಯರಿಗೆ ತೋರಿಸಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಎಣ್ಣೆ ನೀವುವುದು, ಮಗುವನ್ನು ಹೊಟ್ಟೆಯ ಬಳಿ ಹಿಡಿದೆತ್ತುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು ಬೇಡ. ಕ್ಯಾನ್ಸರ್ ಎಂದು ತಿಳಿದರೆ ಮಕ್ಕಳ ಕ್ಯಾನ್ಸರ್ ವಿಭಾಗವಿರುವ ಆಸ್ಪತ್ರೆಗೇ ಹೋಗಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಆ ವಿಭಾಗವಿದೆ. ಚಿಕಿತ್ಸೆಯ ನಡುವೆ ಮಗುವಿಗೆ ಹಠಾತ್ತನೆ ಉಸಿರು ಕಟ್ಟಿದಂತಾದರೆ ಬೆಳಗಾಗಲೆಂದು ಕಾಯದೆ ಹೊರಡಿ.

ಒಂದು ಮೂತ್ರಪಿಂಡ ತೆಗೆದ ಮೇಲೆ ಮಗು ಹೇಗೆ ಬದುಕೀತು ಎಂದು ಕೇಳುವಿರಾ? ಉಳಿದದ್ದು ಚೆನ್ನಾಗಿದ್ದರೆ ಇಬ್ಬರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಮಗು ಶಾಲೆಗೆ ಹೋಗಬಹುದು, ಆಡಬಹುದು. ಆಗಾಗ್ಗೆ ರಕ್ತದೊತ್ತಡ, ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು, ಅಷ್ಟೆ. ಮೊದಲ ಕೆಲವು ವರ್ಷ ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್‌ಗೆ ಕರೆದ ದಿನ ತಪ್ಪದೆ ಹೋಗಿಬನ್ನಿ.