ಲೇಥ್ ಅಂಗಡಿ ಉಳಿಸಿದ ಬೈಕು

1964ರಲ್ಲಿ ಇಟಲಿಯ ಡುಕಾಟಿ ಕಂಪನಿ ಅಪೊಲೊ ಎಂಬ ದೈತ್ಯ ಬೈಕೊಂದನ್ನು ಕಟ್ಟಿತು. 1257 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ನೂರು ಅಶ್ವಶಕ್ತಿ. ಬೇಡಿಕೆ ಇಟ್ಟದ್ದು ಅಮೆರಿಕದ ವಿತರಕ ಬರ್ಲಿನರ್. ಅಲ್ಲಿನ ಪೊಲೀಸರಿಗೂ ದೂರ ಪ್ರಯಾಣದ ಸಿರಿವಂತರಿಗೂ ಮಾರುವುದು ಲೆಕ್ಕಾಚಾರ. ವಿನ್ಯಾಸಕ ಫಾಬಿಯೊ ಟಾಲ್ಯೋನಿಯ ಎಂಜಿನ್ ಗೆದ್ದಿತು, ಟೈರ್ ಸೋತಿತು. ಪೊಲೀಸ್ ಬೈಕಿಗೆ 16 ಇಂಚಿನ ಟೈರೇ ಆಗಬೇಕಿತ್ತು. ಆ ಕಾಲದ ಟೈರ್ ಆ ವೇಗ ತಾಳದೆ ಕಿತ್ತುಬಂತು. ಶಕ್ತಿಯನ್ನು 65ಕ್ಕೆ ಇಳಿಸಿದ ಮೇಲೆ ದುಬಾರಿ ಬೆಲೆ ತೆರಲು ಕಾರಣವೇ ಉಳಿಯಲಿಲ್ಲ. ತಯಾರಿಕೆ ಮಾದರಿ ಬೈಕುಗಳ ಹಂತದಲ್ಲೇ ನಿಂತಿತು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಬೈಕಿನ ಆಯುಷ್ಯ ನಿರ್ಧಾರವಾಗುವುದು ಕಾರ್ಖಾನೆಯೊಳಗಲ್ಲ, ಅದರ ಗೇಟಿನಾಚೆ ಎಂಬುದು ನನ್ನ ವಾದ. ಇರಾನಿ ಕುಟುಂಬ ಜೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನ ತಂದು 1961ರಲ್ಲಿ ಇಲ್ಲಿ ತಯಾರಿಕೆ ಆರಂಭಿಸಿತು. ಮುಂದೆ ಯೆಜ್ಡಿ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್. ಸುಮಾರು 250 ಸಿಸಿಯ ಒಂದೇ ಸಿಲಿಂಡರ್, ಆದರೂ ಎರಡು ಸೈಲೆನ್ಸರ್. ಗೇರ್ ಹಾಕುವ ಪೆಡಲ್ಲನ್ನೇ ಒಳಗೊತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. (ಇಷ್ಟು ಜಾಣತನದ ಜಿಪುಣತನ ಮೆಚ್ಚದವರು ಯಾರು?) ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್, ಹೊಸ ರಿಂಗ್ ಕೂರಿಸಿದರೆ ಎಂಜಿನ್ ಮತ್ತೆ ಸಿದ್ಧ. ಕಬ್ಬಿನ ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ರಿಪೇರಿಯನ್ನೇ ನೆಚ್ಚಿಕೊಂಡ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಪೇಟೆಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಲೇಥ್ ಇದ್ದರೆ ಮೈಸೂರಿನ ದಾರಿ ಕಾಯಬೇಕಾಗಿಲ್ಲ. ಕಾರ್ಖಾನೆ 1996ರಲ್ಲಿ ನಿಂತಿತು, ಬೈಕುಗಳು ನಿಲ್ಲಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನಕ್ಕೆ ಅವು ಇಂದಿಗೂ ಸ್ವಂತ ಬಲದಲ್ಲೇ ಓಡಿಬರುತ್ತವೆ.

ನೂರು ಅಶ್ವಶಕ್ತಿಯ ಕನಸನ್ನು ಹದಿನಾರು ಅಶ್ವಶಕ್ತಿಯ ರೋಡ್‌ಕಿಂಗ್‌ನೊಂದಿಗೆ ತೂಗುವುದು ನ್ಯಾಯವೇ ಎಂದು ಕೇಳಬಹುದು. ವೇಗ ತೂಗುವುದಾದರೆ ಅನ್ಯಾಯವೇ ಸರಿ. ಇಲ್ಲಿ ತೂಗುತ್ತಿರುವುದು ಸುತ್ತಲಿನ ಲೋಕದೊಂದಿಗಿನ ಹೊಂದಾಣಿಕೆಯನ್ನು. ಯೆಜ್ಡಿ ಗೆದ್ದದ್ದು ಲೈಸೆನ್ಸ್ ರಾಜ್‌ನ ಕೃಪೆಯಿಂದ, ಗಿರಾಕಿಗೆ ಬೇರೆ ಆಯ್ಕೆ ಎಲ್ಲಿತ್ತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಾರಾಟದ ಮಟ್ಟಿಗೆ ಅದನ್ನು ಒಪ್ಪುತ್ತೇನೆ. 1980ರ ದಶಕದಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದು ಮೈಲೇಜ್ ತೋರಿಸಿದಾಗ ಆ ಕೃಪೆ ಕರಗಿತು. ಆದರೆ ರಕ್ಷಿತ ಮಾರುಕಟ್ಟೆ ಒಂದು ಬೈಕನ್ನು ಮಾರಿಸಬಹುದೇ ಹೊರತು, ಕಂಪನಿ ಮುಚ್ಚಿ ದಶಕಗಳಾದ ಮೇಲೂ ಓಡಿಸಲಾರದು. ನನ್ನ ವಾದ ನಿಜಕ್ಕೂ ತಡವರಿಸುವುದು ಹೊಗೆಯ ಮುಂದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಉರಿಸುವ ಸರಳತೆಯಿಂದಲೇ ರಿಪೇರಿ ಹಗುರವಾಯಿತು. ಅದೇ ಸರಳತೆ ನೀಲಿ ಹೊಗೆಯನ್ನೂ ಉಗುಳಿತು. ಮಾಲಿನ್ಯದ ನಿಯಮ ಬಿಗಿಯಾದಾಗ, ಊರ ಮೇಸ್ತ್ರಿ ಎಷ್ಟು ಕುಶಲಿಯಾದರೂ ಅದನ್ನು ಸರಿಪಡಿಸುವುದು ಅವನ ಲೇಥ್‌ನಿಂದ ಆಗುವ ಕೆಲಸವಾಗಿರಲಿಲ್ಲ.